ಸವಿತಾಳ ಎದೆಗೆ ಹಿಡಿದ ಬೂಷ್ಟು

ಕೀಮೋ ಹಾಕಿಸಿಕೊಂಡು ಗಾವಡಗೆರೆ ಪಕ್ಕದ ನಮ್ಮೂರಿಗೆ ಬಂದ ಒಂಬತ್ತನೇ ದಿನ ಸವಿತಾಳ ಮೈ ಕಾದಿತ್ತು. ನನ್ನ ಮಗಳಿಗೆ ಆಗ ಎಂಟು ವರ್ಷ. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಮೂರು ತಿಂಗಳಾಗಿತ್ತು. ಬೆಳಿಗ್ಗೆಯೇ ಮೈಸೂರಿನ ಆಸ್ಪತ್ರೆಗೆ ಓಡಿದೆವು. ಆಂಟಿಬಯೋಟಿಕ್ ಹಾಕಿದರು. ಐದು ದಿನವಾದರೂ ಜ್ವರ ಇಳಿಯಲಿಲ್ಲ.

ಮಗುವಿಗೆ ಎಲ್ಲಾದರೂ ನೋವಿದೆಯೇ ಎಂದು ರೌಂಡ್ಸಿಗೆ ಬಂದ ಡಾಕ್ಟರಮ್ಮ ಕೇಳಿದ್ದು ನನ್ನನ್ನು. ಉತ್ತರ ಕೊಟ್ಟವಳು ಸವಿತಾ.

"ಮೇಡಂ, ಉಸ್ರು ಜೋರಾಗಿ ಎಳ್ಕೊಂಡ್ರೆ ಇಲ್ಲಿ ಚುಚ್ತದೆ," ಎಂದು ಬಲಪಕ್ಕೆಯ ಮೇಲೆ ಬೆರಳಿಟ್ಟು ತೋರಿಸಿದಳು. ಸಿಟಿ ಸ್ಕ್ಯಾನಿನಲ್ಲಿ ಕಲೆ ಕಂಡದ್ದೂ ಅಲ್ಲೇ.

"ಫಂಗಸ್. ಅಂದ್ರೆ ಬೂಷ್ಟು," ಎಂದರು ಡಾಕ್ಟರಮ್ಮ.

ನಾನು ಹೊಗೆಸೊಪ್ಪು ಗ್ರೇಡಿಂಗ್ ಮಾಡುವವಳು. ಎಲೆ ಮುಟ್ಟಿದರೆ ಸಾಕು, ಹಸಿ ಉಳಿದಿದೆಯೇ ಎಂದು ಹೇಳಿಬಿಡುತ್ತೇನೆ. ಮಾರಾಟಕ್ಕೆ ನಮ್ಮ ಮನೆಯಿಂದ ಹೋದ ಸೊಪ್ಪಿನ ಮೂಟೆಯಲ್ಲಿ ಬೂಷ್ಟು ಬಂತೆಂದು ಇವತ್ತಿನ ತನಕ ಯಾರೂ ಅಂದಿಲ್ಲ. ಅದರ ಜಂಬವೂ ನನಗಿತ್ತು. ಆದರೆ ಕೀಮೋ ಆಗಿ ಮನೆಯಲ್ಲಿದ್ದ ಅಷ್ಟೂ ದಿನ, ಕಣ್ಣೆದುರಿಗಿರಲಿ ಎಂದು, ಮಗಳನ್ನು ಜಗಲಿಯಲ್ಲಿ ಸೊಪ್ಪಿನ ರಾಶಿಯ ಪಕ್ಕದಲ್ಲೇ ಕೂರಿಸಿಕೊಂಡಿದ್ದೆ. ಬೂಷ್ಟು ಹಿಡಿದ ಎಲೆಗಳನ್ನು ಅವಳ ಪಕ್ಕದಲ್ಲೇ ಕೊಡವಿ ಎಸೆದಿದ್ದೆ.

ನಾನೇ.

"ಅದು ಗಾಳೀಲಿ ಎಲ್ಲಾ ಕಡೆ ಇರುತ್ತಮ್ಮ. ಬಿಳಿ ರಕ್ತಕಣ ಕಡಿಮೆ ಆದಾಗ ಮಕ್ಕಳಿಗೆ ಹಿಡಿಯುತ್ತೆ. ಎಲ್ಲಿಂದ ಬಂತು ಅಂತ ಹೇಳೋಕಾಗಲ್ಲ," ಎಂದರು ಡಾಕ್ಟರಮ್ಮ, ನಾನು ಸೊಪ್ಪಿನ ವಿಷಯ ಹೇಳಿದ ಮೇಲೆ. ಇದು ಹತೋಟಿಗೆ ಬರುವ ತನಕ ಕೀಮೋ ಇಲ್ಲ, ಕೀಮೋ ತಡವಾದಷ್ಟೂ ಲ್ಯುಕೇಮಿಯಾ ಮರುಕಳಿಸುವ ಭಯವಿದೆ ಎಂದೂ ಹೇಳಿದರು.

ಬೂಷ್ಟಿಗೆ ಕೊಡುವ ಆಂಫೋಟೆರಿಸಿನ್ ಔಷಧಿಯ ಬಾಟಲಿ ಹಾಕಿದರೆ ಮಗು ಗಡಗಡ ನಡುಗುತ್ತಿತ್ತು. ಮೂರು ಕಂಬಳಿ ಹೊದಿಸಿ ಮೇಲೆ ತಬ್ಬಿ ಹಿಡಿಯುತ್ತಿದ್ದೆ. ನನಗೆ ಅಳು ತಡೆಯಲಾಗುತ್ತಿರಲಿಲ್ಲ. ಅವಳು ಹಲ್ಲು ಕಟಕಟಿಸುತ್ತಲೇ, "ಅಳ್ಬ್ಯಾಡ ಕಣವ್ವ. ಬೂಷ್ಟು ಉದುರ್ತಾ ಅದೆ," ಎನ್ನುತ್ತಿದ್ದಳು.

ಒಂದು ದಿನವೂ ಸೂಜಿ ಬೇಡವೆನ್ನಲಿಲ್ಲ. ಎಂಥ ಗಟ್ಟಿ ಜೀವ ನನ್ನ ಮಗಳದು!

ನಾಲ್ಕು ವಾರಕ್ಕೆ ಕಲೆ ಕುಗ್ಗಿತು. ಕೀಮೋ ಮತ್ತೆ ಶುರುವಾಯಿತು. ಮುಗಿಯಲು ಇನ್ನೂ ಬಹಳ ದಿನವಿದೆ, ಅಲ್ಲಿಯವರೆಗೆ ಏನನ್ನೂ ಖಚಿತವಾಗಿ ಹೇಳುವಂತಿಲ್ಲ. ಸೊಪ್ಪಿನ ಕೆಲಸವನ್ನು ನನ್ನ ಗಂಡ ಊರಾಚೆ ತೋಟದ ಕೊಟ್ಟಿಗೆಗೆ ಸಾಗಿಸಿದ್ದಾರೆ.

ನಿನ್ನೆ ಸಂಜೆ ಅಲ್ಲಿಂದ ಬಂದವಳು ಹಿತ್ತಲಲ್ಲಿ ಕೈಕಾಲು ತೊಳೆದು, ಸೀರೆ ಬದಲಾಯಿಸಿ, ಅವಳನ್ನು ಎತ್ತಿಕೊಳ್ಳಲು ಹೋದೆ.

"ಅಲ್ಲೇ ನಿಂತ್ಕೊ. ಕೈ ತೋರ್ಸು," ಎಂದಳು. ನಾನು ಎಲೆ ನೋಡುವ ಹಾಗೆಯೇ ಎರಡೂ ಕೈಗಳನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಉಗುರಿನ ಸಂದಿಯಲ್ಲಿ ಸೊಪ್ಪಿನ ಕಂದು ಇನ್ನೂ ಉಳಿದಿತ್ತು.

"ಇನ್ನೊಂದ್ಸಲ ತೊಳ್ಕೊಂಡು ಬಾರವ್ವ."

ತಿರುಗಿ ಹಿತ್ತಲಿಗೆ ಹೋದೆ. ಅಷ್ಟು ಹೆಮ್ಮೆಯಿಂದ ನಾನು ಯಾವತ್ತೂ ಕೈ ತೊಳೆದಿರಲಿಲ್ಲ.