ನಮ್ಮಲ್ಲಿ ಹೀಗೇ ಕ್ರಮ

ಹರಿಣಾಕ್ಷಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹೆಜಮಾಡಿಯ ಕಡಲ ಬದಿಯಿಂದ ಮದುವೆಯಾಗಿ ದೂರದ ಠಾಣೆ ಶಹರಕ್ಕೆ ಬಂದವಳು. ವರ್ತಕ ನಗರದ ಹಳೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಅಲ್ಲೇ ಸಂಸಾರ ಹೂಡಿ, ಅಲ್ಲೇ ಮಗ ಯತಿನ್‌ನನ್ನು ಹೆತ್ತು ಸಾಕಿ, ಅಲ್ಲೇ ತಲೆ ನರೆಸಿಕೊಂಡಳು. ಮಾತು ಕಡಿಮೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಸುಮ್ಮನಾಗುವವಳು. ಅಂಥವಳು ಅರುವತ್ತು ದಾಟಿದ ಮೇಲೆ ಸುಳ್ಳು ಕಲಿತಳು. ಅದೂ ಹಿರಿಯರ ಹೆಸರು ಹಿಡಿದು ಹೇಳುವ ಸುಳ್ಳು.

ಶುರುವಾದದ್ದು ಒಂದು ಅಂಗಿಯಿಂದ. ಗಂಡ ಪೂವಪ್ಪ ಒಂದು ಬೆಳಿಗ್ಗೆ ಅಂಗಿಯ ಒಳಮೈ ಹೊರಗೆ ಮಾಡಿ ಹಾಕಿಕೊಂಡು ಬಂದು ಬಾಗಿಲ ಬಳಿ ಕುರ್ಚಿಯಲ್ಲಿ ಕೂತ. ಅದೇ ಹೊತ್ತಿಗೆ ಸೊಸೆ ಸೋನಾಲಿ ಮಕ್ಕಳನ್ನು ಬಿಟ್ಟು ಹೋಗಲು ಬಂದಳು. ಎದುರಿನ ಕಟ್ಟಡದಲ್ಲೇ ಯತಿನ್‌ನ ಮನೆ. ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಪ್ರಣೀತಾ ಮತ್ತು ಸೂರಜ್ ಸಂಜೆಯವರೆಗೆ ಅಜ್ಜ ಅಜ್ಜಿಯರ ಬಳಿಯೇ. ಸೋನಾಲಿ ಕಲ್ಯಾಣದ ಮರಾಠಿ ಹುಡುಗಿ, ಒಳ್ಳೆಯವಳು. ತುಳು ಬಾರದು, ಅತ್ತೆಯೊಂದಿಗೆ ಹಿಂದಿಗೆ ಚೂರು ಕನ್ನಡ ಸೇರಿಸಿ ಮಾತಾಡುತ್ತಿದ್ದಳು.

"ಆಯಿ, ಪಪ್ಪಾನ ಶರ್ಟ್ ಉಲ್ಟಾ ಆಗಿದೆ ನೋಡಿ," ಎಂದು ನಕ್ಕಳು.

ಹರಿಣಾಕ್ಷಿಯ ಬಾಯಿಗೆ ಅದು ಹೇಗೆ ಬಂತೋ. "ಇವತ್ತು ಅಮಾಸೆ ಅಲ್ವಾ? ನಮ್ಮಲ್ಲಿ ಹೀಗೇ ಕ್ರಮ," ಎಂದಳು. ಅಂದು ಅಮಾವಾಸ್ಯೆ ಹೌದೋ ಅಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಸೋನಾಲಿ ತಲೆ ಆಡಿಸಿ ಹೋದಳು. ಮೆಟ್ಟಿಲಿನಲ್ಲಿ ಅವಳ ಹೆಜ್ಜೆಯ ಸದ್ದು ಅಡಗಿದ ಮೇಲೆ ಹರಿಣಾಕ್ಷಿ ಗಂಡನ ಅಂಗಿ ಬಿಚ್ಚಿ ಸರಿಮಾಡಿ ಹಾಕಿದಳು. ಅವನು ಮಗುವಿನ ಹಾಗೆ ಕೈ ಎತ್ತಿ ಕೊಟ್ಟ.

ಆಮೇಲೆ ಕ್ರಮಗಳಿಗೆ ಬರವಿಲ್ಲದಾಯಿತು. ಪೂವಪ್ಪ ಚಹಾಕ್ಕೆ ಉಪ್ಪು ಹಾಕಿದರೆ ದೃಷ್ಟಿ ತೆಗೆಯುವ ಕ್ರಮ. ಉಂಡ ಮೇಲೆ ಮತ್ತೊಮ್ಮೆ ತಟ್ಟೆ ಇಟ್ಟುಕೊಂಡು ಕೂತರೆ ತೀರಿಹೋದವರಿಗೆಂದು ಕೂರುವ ಕ್ರಮ. ಯತಿನ್‌ನನ್ನು ತನ್ನ ಸತ್ತ ತಮ್ಮನ ಹೆಸರಿನಿಂದ ಕರೆದರೆ ಅದೂ ಒಂದು ಕ್ರಮ. ಫ್ರಿಜ್ಜಿನೊಳಗೆ ಚಪ್ಪಲಿ ಇಟ್ಟದ್ದನ್ನು ಮಾತ್ರ ಯಾವ ಕ್ರಮಕ್ಕೂ ಸೇರಿಸಲಾಗದೆ ಅವಳೇ ಸದ್ದಿಲ್ಲದೆ ತೆಗೆದು ಒರೆಸಿದಳು. ಯತಿನ್ ಊರು ಕಂಡದ್ದು ಶಾಲೆಯ ರಜೆಯಲ್ಲಿ ಮಾತ್ರ. ತನ್ನ ಜನರ ಪದ್ಧತಿ ತನಗೇ ಗೊತ್ತಿಲ್ಲವಲ್ಲ ಎಂಬ ನಾಚಿಕೆಯಲ್ಲಿ ಅವನೂ ಕೇಳಲು ಹೋಗಲಿಲ್ಲ. ಮಕ್ಕಳಂತೂ ಎಲ್ಲವನ್ನೂ ಕಲಿತವು. ಅಜ್ಜ ಏನು ಮಾಡಿದರೂ ನಗಬಾರದು, ಯಾಕೆಂದು ಕೇಳಬಾರದು, ಅದು ನಮ್ಮ ಕ್ರಮ ಎಂದು ಹರಿಣಾಕ್ಷಿಯೇ ಹೇಳಿಕೊಟ್ಟಿದ್ದಳು.

ಕೆಳಗಿನ ಮನೆಯ ರತ್ನಾವತಿಯೂ ಹೆಜಮಾಡಿಗೆ ಹತ್ತಿರದ ಕಾಪುವಿನ ಕಡೆಯವಳು. ಅಮಾವಾಸ್ಯೆಗೆ ಅಂಗಿ ತಿರುಗಿಸಿ ಹಾಕುತ್ತೀರಂತೆ ಹೌದೇ ಎಂದು ಸೋನಾಲಿ ಒಂದು ದಿನ ಅವಳನ್ನು ಕೇಳಿದಳಂತೆ. ರತ್ನಾವತಿ ಬುದ್ಧಿವಂತೆ, ಒಂದೊಂದು ಮನೆಗೆ ಒಂದೊಂದು ರೀತಿ ಎಂದು ಹೇಳಿ ಕಳಿಸಿ, ನೇರ ಮೇಲೆ ಬಂದಳು.

"ಎಷ್ಟು ದಿನ ಅಂತ ಹೊಸ ಹೊಸ ಕ್ರಮ ಹುಟ್ಟಿಸ್ತಿ ಮಾರಾಯ್ತಿ? ಮಗನಿಗೆ ಹೇಳು. ಡಾಕ್ಟ್ರಿಗೆ ತೋರಿಸು."

"ಹೇಳಿದ್ರೆ ಮಕ್ಕಳನ್ನು ಕಳಿಸುದಿಲ್ಲ."

"ಕಳಿಸದಿದ್ರೆ ಬೇಡ."

"ಮಕ್ಕಳಿಲ್ಲದಿದ್ರೆ ಇವರು ಇರುದಿಲ್ಲ, ರತ್ನಕ್ಕಾ."

ಅದು ಸುಳ್ಳಲ್ಲ. ಸೂರಜ್ ಬಂದು ತೊಡೆಯೇರಿದ ಕೂಡಲೇ ಪೂವಪ್ಪನ ಮುಖಕ್ಕೆ ಬೆಳಕು ಬರುತ್ತಿತ್ತು. ಆ ಹೊತ್ತು ಅವನಿಗೆ ತನ್ನ ಹೆಸರೂ ಗೊತ್ತು, ಹೆಂಡತಿಯ ಹೆಸರೂ ಗೊತ್ತು. ಇನ್ನೊಂದು ಭಯವೂ ಅವಳಿಗಿತ್ತು. ಸೋನಾಲಿಯ ಆಫೀಸಿನಲ್ಲಿ ಯಾರದೋ ಮಾವನಿಗೆ ಇದೇ ಮರೆವಿನ ರೋಗವಂತೆ, ಬದಲಾಪುರದ ಆಚೆ ಯಾವುದೋ ಆಶ್ರಮಕ್ಕೆ ಬಿಟ್ಟರಂತೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮತ್ತೇನು ಮಾಡುವುದು ಎಂದು ಸೋನಾಲಿ ಚಪಾತಿ ಲಟ್ಟಿಸುತ್ತಾ ಹೇಳಿದ್ದಳು. ಕೆಟ್ಟ ಮನಸ್ಸಿನಿಂದಲ್ಲ, ಪಾಪ ಎಂದುಕೊಂಡೇ ಹೇಳಿದ್ದಳು. ಹರಿಣಾಕ್ಷಿಯ ಕಿವಿಯಲ್ಲಿ ಅದು ಕೂತುಬಿಟ್ಟಿತು.

ಮೇ ತಿಂಗಳಲ್ಲಿ ಪ್ರಣೀತಾಳ ಹುಟ್ಟುಹಬ್ಬ ಬಂತು. ಸೀವುಡ್ಸ್‌ನಲ್ಲಿ ಸ್ಟೇಷನ್ನಿಗೆ ಅಂಟಿಕೊಂಡಂತಿರುವ ಮಾಲಿನೊಳಗೆ ಹೊಸತಾಗಿ ಒಂದು ಸಮುದ್ರ ಲೋಕ ತೆರೆದಿದ್ದರು. ನೀರಿನ ಹನಿಯೂ ಇಲ್ಲ, ಬರೀ ಬೆಳಕು. ಕತ್ತಲೆ ಕೋಣೆಯ ಗೋಡೆ, ನೆಲ, ಚಾವಣಿ ಎಲ್ಲ ಕಡೆಯೂ ಕಡಲು. ಕಾಲಿಟ್ಟಲ್ಲಿ ಅಲೆ ಹಿಂದೆ ಸರಿಯುತ್ತದೆ, ಮೀನು ಬಂದು ಪಾದ ಮೂಸುತ್ತದೆ ಎಂದು ಪ್ರಣೀತಾ ಫೋನಿನಲ್ಲಿ ತೋರಿಸಿದ್ದಳು. ಅಜ್ಜ ಅಜ್ಜಿಯೂ ಬರಬೇಕೆಂದು ಹಟ. ಯತಿನ್‌ಗೆ ತಾನು ದುಡಿಯುವ ಹೋಟೆಲಿನಲ್ಲಿ ಮದುವೆ ಪಾರ್ಟಿಯ ಕೆಲಸ, ಸಂಜೆಗೆ ಬಂದು ಸೇರುವವನಿದ್ದ. ಹರಿಣಾಕ್ಷಿ ಮೊಣಕಾಲು ನೋವೆಂದಳು, ಬಿಸಿಲೆಂದಳು. ನಡೆಯಲಿಲ್ಲ. ಹೋಗುವುದಾದರೆ ಇವರ ಕೈ ಒಂದು ಗಳಿಗೆಯೂ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಮೊದಲ ಕೋಣೆಯಲ್ಲಿ ಎಲ್ಲ ಚೆಂದವಾಗಿಯೇ ಆಯಿತು. ಅಲ್ಲಿ ದಡ, ನೊರೆಯ ಅಲೆಗಳು ನೆಲದ ಮೇಲೆ ಹರಿದು ಬರುತ್ತಿದ್ದವು, ಸದ್ದು ಸಾಕ್ಷಾತ್ ಹೆಜಮಾಡಿಯದೇ. ಪೂವಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ನಡು ಬಗ್ಗಿಸಿ, ಇಲ್ಲದ ನೀರನ್ನು ಬೆರಳಿನಿಂದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡ. ಇದು ಮಾತ್ರ ಹರಿಣಾಕ್ಷಿ ಹುಟ್ಟಿಸಿದ ಕ್ರಮವಲ್ಲ. ಕಡಲಿಗೆ ಕಾಲಿಡುವ ಮುಂಚೆ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದನ್ನು ಅವಳ ಅಪ್ಪ ಮಾಡಿದ್ದ, ಅಜ್ಜ ಮಾಡಿದ್ದ. ಅವಳೂ ಬಗ್ಗಿ ಮುಟ್ಟಿದಳು. ಸೋನಾಲಿ ಮಕ್ಕಳಿಬ್ಬರಿಂದಲೂ ಮಾಡಿಸಿ ಫೋಟೊ ತೆಗೆದಳು. ಸೂರಜ್ ತಲೆಗೂ ಒತ್ತಿಕೊಂಡ, ಹೊಟ್ಟೆಗೂ ಒತ್ತಿಕೊಂಡ. ಎಷ್ಟೋ ತಿಂಗಳ ಮೇಲೆ ಹರಿಣಾಕ್ಷಿ ಬಾಯಿ ತುಂಬ ನಕ್ಕಳು.

ಎರಡನೆಯದು ಆಳ ಸಮುದ್ರದ ಕೋಣೆ. ಕತ್ತಲೆ ಹೆಚ್ಚು. ಗುಡುಗಿನಂಥ ಸದ್ದು, ಗೋಡೆಯಿಂದ ಗೋಡೆಗೆ ಜಾರುವ ತಿಮಿಂಗಿಲದ ನೆರಳು. ಪೂವಪ್ಪನ ಕೈ ಬೆವರತೊಡಗಿತು. ಅವನು ಸಾನಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಆಯುಷ್ಯ ಕಳೆದವನು. ಬೆಳಕು ಹರಿಯುವ ಮುಂಚೆ ಠಾಣೆಯಿಂದ ವಾಶಿ ಕಡೆಯ ರೈಲುಗಾಡಿ ಹಿಡಿದು ಹೋಗುತ್ತಿದ್ದ. ಕೊರೋನಾದ ಕಾಲಕ್ಕೆ ಮುಚ್ಚಿದ ಹೋಟೆಲು ಮತ್ತೆ ತೆರೆಯಲಿಲ್ಲ, ಈಗ ಅಲ್ಲಿ ಔಷಧಿ ಅಂಗಡಿ. ಆ ಕತ್ತಲೆಯಲ್ಲಿ ಅವನಿಗೆ ಯಾವ ಬೆಳಗಿನ ಜಾವ ಕಂಡಿತೋ, ಹೆಂಡತಿಯ ಕಿವಿಗೆ ಬಾಗಿ, "ಶಟರ್ ತೆಗೀಲಿಕ್ಕೆ ಹೊತ್ತಾಯ್ತು," ಎಂದ. ಇವತ್ತು ರಜೆ ಎಂದು ಅವಳು ಮೆಲ್ಲಗೆ ಹೇಳಿ, ಹೊರಗೆ ಬೆಳಕಿನ ಓಣಿಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು. ಸೂರಜ್ ಹಿಂದೆಯೇ ಬಂದ. ಸೋನಾಲಿ ಪ್ರಣೀತಾಳನ್ನು ಮುಖಕ್ಕೆ ಬಣ್ಣ ಬರೆಯುವ ಸಾಲಿಗೆ ಕರೆದುಕೊಂಡು ಹೋಗಿದ್ದಳು.

ಬೆಳಗ್ಗಿನಿಂದ ಹರಿಣಾಕ್ಷಿ ತಡೆದುಕೊಂಡೇ ಇದ್ದಳು. ಇನ್ನು ಆಗದು ಎಂದಾಯಿತು. ಸಂಡಾಸು ಓಣಿಯ ತುದಿಯಲ್ಲೇ ಇತ್ತು, ಬೆಂಚಿನಿಂದ ಕಾಣುವಷ್ಟು ಹತ್ತಿರ. ಗಂಡನ ಕೈಯನ್ನು ಮೊಮ್ಮಗನ ಕೈಯಲ್ಲಿಟ್ಟಳು.

"ಅಜ್ಜನ ಕೈ ಬಿಡ್ಬೇಡ ಮಗಾ. ಅಜ್ಜ ಹೇಳಿದ ಹಾಗೆ ಕೇಳು, ಹಾಂ?"

ನಾಲ್ಕು ವರ್ಷದ ಸೂರಜ್ ಹಿರಿಯನ ಹಾಗೆ ತಲೆಯಾಡಿಸಿದ.

ಒಳಗೆ ಹೆಂಗಸರ ಸಾಲು ಉದ್ದವಿತ್ತು. ಅವಳು ಹೊರಬಂದಾಗ ಬೆಂಚಿನ ಮೇಲೆ ಬೇರೆ ಯಾರೋ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದರು. ಬಾಗಿಲ ಕಾವಲಿನವನನ್ನು ಕೇಳಿದರೆ, ಒಬ್ಬ ಮುದುಕ ಬರಿಗಾಲಿನಲ್ಲಿ ಮಗುವಿನ ಕೈ ಹಿಡಿದು ಹೊರಗೆ ಹೋದ, ಮಗು ಅಳುತ್ತಿರಲಿಲ್ಲ, ಅಜ್ಜ ಮೊಮ್ಮಗ ಅಂದುಕೊಂಡೆ ಎಂದ. ಅವನು ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಗಲೂ ಹರಿಣಾಕ್ಷಿ ಸೊಸೆಗೆ ನಿಜ ಹೇಳಲಿಲ್ಲ. ತಿನ್ನಲು ಕೊಡಿಸಲಿಕ್ಕೆ ಹೋಗಿರಬೇಕು ಎಂದಳು. ಮಾಲಿನ ಮೈಕಿನಲ್ಲಿ ಸೂರಜನ ಹೆಸರು ಕೂಗಿದರು. ಮಾಳಿಗೆ ಮಾಳಿಗೆ ಹತ್ತಿ ಇಳಿದರು. ಸೋನಾಲಿಯ ಮುಖ ಬಿಳಿಚಿಕೊಳ್ಳುತ್ತಾ ಹೋಯಿತು. ಅರ್ಧ ಮೀನಿನ ಬಣ್ಣ ಬಳಿಸಿಕೊಂಡ ಪ್ರಣೀತಾ ಅಮ್ಮನ ದುಪಟ್ಟಾ ಹಿಡಿದು ಓಡುತ್ತಿದ್ದಳು. ಕೊನೆಗೆ ಹರಿಣಾಕ್ಷಿಯ ಬಾಯಿಂದ ಒಂದೇ ಮಾತು ಹೊರಟಿತು: ಸ್ಟೇಷನ್ನಿನಲ್ಲಿ ನೋಡುವ. ಯಾಕೆ ಸ್ಟೇಷನ್ನು ಎಂದು ಸೋನಾಲಿ ನಿಂತು ಕೇಳಿದಳು. ಹರಿಣಾಕ್ಷಿ ಆಗಲೇ ಮುಂದೆ ನಡೆದಿದ್ದಳು.

ಸೂರಜ್ ಪ್ಲಾಟ್‌ಫಾರ್ಮಿನ ತುತ್ತತುದಿಯಲ್ಲಿ, ಜನರಿಲ್ಲದ ಕಡೆ, ಬೆಂಚಿನ ಮೇಲೆ ಮೊಣಕಾಲು ಜೋಡಿಸಿ ಕೂತಿದ್ದ. ಚಡ್ಡಿ ಒದ್ದೆಯಾಗಿತ್ತು. ಪಕ್ಕದಲ್ಲಿ ಒಬ್ಬ ಹೆಣ್ಣು ಪೊಲೀಸು ಬಿಸ್ಕತ್ತಿನ ಪೊಟ್ಟಣ ಹಿಡಿದು ನಿಂತಿದ್ದಳು. ಹೆಸರು ಕೇಳಿದರೆ ಹೇಳುವುದಿಲ್ಲ, ಎತ್ತಿಕೊಳ್ಳಲು ಹೋದರೆ ಬೆಂಚನ್ನು ಹಿಡಿದುಕೊಳ್ಳುತ್ತಾನೆ, ಅಳುವುದೂ ಇಲ್ಲ, ಇಂಥ ಮಗುವನ್ನು ಕಾಣಲಿಲ್ಲ ಎಂದಳು. ಅಜ್ಜ ಅವನನ್ನು ಅಲ್ಲಿ ಕೂರಿಸಿ, ಏಳಬೇಡ, ಮಾತಾಡಬೇಡ ಎಂದು ಹೇಳಿ, ಬಂದ ಗಾಡಿ ಹತ್ತಿ ಹೋಗಿದ್ದ.

ಸೋನಾಲಿ ಮಗನನ್ನು ಎದೆಗೆ ಒತ್ತಿಕೊಂಡು, ಯಾಕೆ ಕೂಗಲಿಲ್ಲ, ಯಾಕೆ ಯಾರಿಗೂ ಹೇಳಲಿಲ್ಲ ಎಂದು ಮತ್ತೆ ಮತ್ತೆ ಕೇಳಿದಳು. ಮಗುವಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಅಪ್ನಾ ಕ್ರಮ್ ಹೈ ನಾ, ಮಮ್ಮಾ," ಎಂದ, ನಮ್ಮ ಕ್ರಮವಲ್ಲವೇ ಎಂಬಂತೆ.

ಸೋನಾಲಿ ತಲೆ ಎತ್ತಿದಳು. "ಆಯಿ, ಇದು ಯಾವ ಕ್ರಮ?"

ಉತ್ತರ ಹರಿಣಾಕ್ಷಿಯ ನಾಲಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ವರ್ಷವಿಡೀ ಪಳಗಿದ ನಾಲಗೆ. ಅಷ್ಟರಲ್ಲಿ ಎದುರಿನಿಂದ ಗಾಡಿ ನುಗ್ಗಿ ಬಂತು. ಆ ಗಾಳಿಗೆ ಸೂರಜನ ಕೂದಲು ಹಾರಿತು, ಬೆಂಚು ಅಲುಗಿತು. ಬೆಂಚಿನಿಂದ ಹಳಿಗೆ ಎಷ್ಟು ದೂರವೆಂದು ಅವಳು ಆಗ ನೋಡಿದಳು.

"ಅಂಥ ಕ್ರಮ ಇಲ್ಲ," ಎಂದಳು. "ಯಾವುದೂ ಇಲ್ಲ. ನಾನು ಹೇಳಿದ್ದು ಎಲ್ಲ ಸುಳ್ಳು. ಅವರಿಗೆ ನೆನಪು ಇಲ್ಲ ಸೋನಾಲಿ, ಹೋದ ವರ್ಷದಿಂದ ಇಲ್ಲ."

ಸೋನಾಲಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮಗನ ಒದ್ದೆ ಚಡ್ಡಿ ಬಿಚ್ಚಿ, ತನ್ನ ದುಪಟ್ಟಾ ಸುತ್ತಿ, ಪ್ರಣೀತಾಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಹೋದಳು. ಹರಿಣಾಕ್ಷಿ ಸಾನಪಾಡಾದ ಹೋಟೆಲಿನ ಜಾಗ ಹೇಳಿ ಯತಿನ್‌ಗೆ ಫೋನು ಮಾಡಿದಳು.

ಅವನು ಅಲ್ಲಿಗೆ ತಲುಪುವಷ್ಟರಲ್ಲಿ ಪೂವಪ್ಪ ಔಷಧಿ ಅಂಗಡಿಯ ಮೆಟ್ಟಿಲಲ್ಲಿ ಕೂತಿದ್ದ. ತುಟಿ ಒಡೆದು ರಕ್ತ ಒಣಗಿತ್ತು. ಕೌಂಟರಿನ ಹಿಂದೆ ನುಗ್ಗಿ ಕಾವಲಿ ಎಲ್ಲಿ, ಹಿಟ್ಟು ಎಲ್ಲಿ ಎಂದು ಹುಡುಕಿದವನನ್ನು ಕುಡುಕನೆಂದು ಯಾರೋ ಎರಡು ಬಿಗಿದಿದ್ದರು. ಮಗನನ್ನು ಕಂಡು ಎದ್ದು ನಿಂತ, ಕೈ ಮುಗಿದ. "ತಡ ಆಯ್ತು ಧಣಿ. ಗಾಡಿ ಸಿಗಲಿಲ್ಲ," ಎಂದ. ತಾನು ಹೋಟೆಲಿನ ಧಣಿಯಲ್ಲ, ಮಗ ಎಂದು ಹೇಳುವ ಶಕ್ತಿ ಯತಿನ್‌ಗೆ ಇರಲಿಲ್ಲ. ಪರವಾಗಿಲ್ಲ ಎಂದು ಕೈ ಹಿಡಿದು ರಿಕ್ಷಾ ಹತ್ತಿಸಿದ.

ಡಾಕ್ಟರು ರೋಗಕ್ಕೆ ಹೆಸರು ಕೊಟ್ಟರು, ಮಾತ್ರೆ ಕೊಟ್ಟರು, ಬೇಗ ಕರೆತಂದಿದ್ದರೆ ಎಂದು ಹೇಳಿ ಮಾತು ಅಲ್ಲಿಗೇ ನಿಲ್ಲಿಸಿದರು. ಆಶ್ರಮದ ಮಾತನ್ನು ಸೋನಾಲಿ ಇನ್ನೂ ಎತ್ತಿಲ್ಲ. ಆದರೆ ಮಕ್ಕಳು ಈಗ ಶಾಲೆಯಿಂದ ನೇರ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿನ ಮನೆಗೆ ಹೋಗುತ್ತವೆ. ಭಾನುವಾರ ಮಾತ್ರ ಅಮ್ಮನ ಜೊತೆ ಬರುತ್ತವೆ. ಅಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿರುತ್ತಾಳೆ, ಪರ್ಸು ತೊಡೆಯ ಮೇಲೆಯೇ ಇರುತ್ತದೆ. ಡಾಕ್ಟರಿಗೆ ತೋರಿಸೆಂದು ರತ್ನಾವತಿ ಹೇಳಿದ್ದೂ ಸರಿಯಿತ್ತು, ಹರಿಣಾಕ್ಷಿ ಹೇಳಿದ್ದೂ ನಿಜವಾಯಿತು: ಮಕ್ಕಳಿಲ್ಲದ ಮನೆಯಲ್ಲಿ ಪೂವಪ್ಪ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಬಂದ.

ಸೋಣ ತಿಂಗಳು ಬಂತು. ತುಳುವರ ಮನೆಗಳಲ್ಲಿ ಹೊಸ್ತಿಲು ಪೂಜೆ ಮಾಡುವ ತಿಂಗಳು. ಹರಿಣಾಕ್ಷಿ ಹೊಸ್ತಿಲು ತೊಳೆದು, ರಂಗೋಲಿ ಎಳೆದು, ಹೂ ಇಟ್ಟಳು. ಹೋದ ವರ್ಷ ಹೂ ಇಟ್ಟದ್ದು ಪ್ರಣೀತಾ. ಈ ಸಲ ಭಾನುವಾರ ಬಂದವಳು ಹೊಸ್ತಿಲಿನ ಹೊರಗೇ ನಿಂತಳು.

"ಅಜ್ಜಿ, ಯೆ ಸಚ್‌ವಾಲಾ ಕ್ರಮ್ ಹೈ, ಯಾ ಅಜ್ಜಾವಾಲಾ?"

"ಇದು ಅಜ್ಜನದ್ದಲ್ಲ, ನಿಜದ್ದು, ಮಗಾ."

ಹುಡುಗಿ ಅಮ್ಮನ ಮುಖ ನೋಡಿದಳು. ಸೋನಾಲಿಗಾದರೂ ಹೇಗೆ ಗೊತ್ತಿರಬೇಕು. ಪ್ರಣೀತಾ ರಂಗೋಲಿ ತುಳಿಯದ ಹಾಗೆ, ಹೂ ಮುಟ್ಟದ ಹಾಗೆ, ಕಾಲೆತ್ತಿ ದಾಟಿ ಒಳಗೆ ಬಂದಳು.

ಹೊಸ್ತಿಲು ತೊಳೆದ ನೀರು ಒಳಗೆ ಹರಿದು ನೆಲದ ಮೇಲೆ ಬಾಗಿಲ ಬೆಳಕು ಅಲುಗುತ್ತಿತ್ತು. ಪೂವಪ್ಪ ಅದರ ಮುಂದೆ ನಿಂತ. ಚಪ್ಪಲಿ ಬಿಟ್ಟ. ನಡು ಬಗ್ಗಿಸಿ, ಬೆರಳು ಅದ್ದಿ, ಕಣ್ಣಿಗೆ ಒತ್ತಿಕೊಂಡ. ಪಕ್ಕದಲ್ಲಿದ್ದ ಸೂರಜನ ಕೈಯೂ ನೀರಿನ ಕಡೆಗೆ ಅರ್ಧ ಇಳಿಯಿತು. ಅಲ್ಲಿಗೆ ತಡೆದು, ಅವನು ಅಮ್ಮ ಕೂತಿದ್ದ ಕುರ್ಚಿಯ ಕಡೆ ನೋಡಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.