ಹಿಮಚಿರತೆಯ ಗವಿ ಪಕ್ಕದಲ್ಲಿ ಹುಲಿವೇಷ

ಹೊರಗೆ ಬಿಸಿಲು ನೆತ್ತಿ ಸುಡುತ್ತಿರುವಾಗ ನಾನು ದಪ್ಪ ಜಾಕೆಟ್ ಹಾಕಿಕೊಂಡು ಕೆಲಸ ಶುರುಮಾಡುತ್ತೇನೆ. ದುಬೈಯಲ್ಲಿ ಜಾಕೆಟ್ಟಾ ಎಂದು ಕಾಪುವಿನಲ್ಲಿರುವ ಅಕ್ಕ ಫೋನಿನಲ್ಲಿ ನಗುತ್ತಾಳೆ. ನಗಲಿ. ನಾನು ನೋಡಿಕೊಳ್ಳುವುದು ಹಿಮಚಿರತೆಯನ್ನು. ಬೆಟ್ಟದ ಆ ಪ್ರಾಣಿಗೆ ಇಲ್ಲಿನ ಖಾಸಗಿ ಮೃಗಾಲಯವೊಂದು ಮರಳುಗಾಡಿನ ನಡುವೆ ಯಂತ್ರದಿಂದ ಚಳಿಗಾಲ ಮಾಡಿಕೊಟ್ಟಿದೆ.

ನನಗೆ ಮಾತ್ರ ಸಿಕ್ಕಿದ್ದು ದುಬೈಯ ದೇರಾ ಬಡಾವಣೆಯಲ್ಲಿ ಬೆಡ್ ಸ್ಪೇಸ್. ಅಂದರೆ ಮನೆಯಲ್ಲ, ಕೋಣೆಯೂ ಅಲ್ಲ, ಬಾಡಿಗೆಗೆ ಒಂದು ಮಂಚ. ಊರಿನಲ್ಲಿ ನಮ್ಮ ಹಟ್ಟಿಯ ದನಕ್ಕೂ ಇದಕ್ಕಿಂತ ಹೆಚ್ಚು ಜಾಗವಿತ್ತು. ಅದನ್ನೂ ಹುಡುಕಿಕೊಟ್ಟವರು ನಮ್ಮ ಕರಾವಳಿ ಸಂಘದ ಸದಾಣ್ಣ. ಒಂಟಿತನಕ್ಕೆ ಊಟವೇ ಸೇರದಿದ್ದ ದಿನಗಳಲ್ಲಿ ಕುಚ್ಚಲಕ್ಕಿ ಗಂಜಿ, ಬಂಗುಡೆ ಹುರಿದು ಬಡಿಸಿದವರೂ ಅವರೇ. ಅದಕ್ಕೇ ಮುಂದೆ ನಡೆದದ್ದು ಇಷ್ಟು ಕಷ್ಟವಾಯಿತು.

ನಮ್ಮ ಹೆಣ್ಣು ಚಿರತೆ ಮರಿ ಹಾಕಿತ್ತು. ಕಳೆದ ಸಲ ಪಕ್ಕದ ಗೋಡೆ ಕೊರೆಯುವ ಸದ್ದಿಗೆ ಬೆದರಿ, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಸುತ್ತಿದ್ದೇ ಸುತ್ತಿದ್ದು. ಹಾಲೇ ಕುಡಿಸಲಿಲ್ಲ. ಮರಿ ಉಳಿಯಲಿಲ್ಲ. ಅತ್ತ ಬೆಟ್ಟದಲ್ಲಿ ಚರ್ಮಕ್ಕೆಂದು ಕೊಲ್ಲುತ್ತಾರೆ, ಕುರಿ ತಿಂದಿತೆಂದು ಕೊಲ್ಲುತ್ತಾರೆ. ಇಲ್ಲಿ ಹುಟ್ಟಿದ ಒಂದನ್ನಾದರೂ ಉಳಿಸಿಕೊಳ್ಳಬೇಡವೇ?

ಅಷ್ಟರಲ್ಲಿ ಮ್ಯಾನೇಜರಿಗೆ ಹಿಮಚಿರತೆ ಉಳಿಸುವ ಜಾಗೃತಿ ಕಾರ್ಯಕ್ರಮ ಮಾಡುವ ಹುಚ್ಚು ಹತ್ತಿತು. ಸುದ್ದಿ ತಿಳಿದ ಸದಾಣ್ಣ ಹುಲಿವೇಷ ತರುತ್ತೇವೆ ಎಂದರು. ಹಳದಿ ಬದಲು ಬಿಳಿ ಬಣ್ಣ, ಮೇಲೆ ಬೂದು ಚುಕ್ಕಿ, ಜೊತೆಗೆ ಊರಿನಿಂದ ಬಂದ, ತಾಸೆ ವಾದ್ಯ ಬಡಿಯುವವರು. ತಾಸೆಯ ಸದ್ದು ಗವಿಗೆ ಕೇಳುತ್ತದೆ, ಬೇಡ ಎಂದು ನಾನು ಇಬ್ಬರನ್ನೂ ಬೇಡಿಕೊಂಡೆ. ಮ್ಯಾನೇಜರ್ 'ಮಾಫಿ ಮುಶ್ಕಿಲ್' ಅಂದ. ಏನೂ ತೊಂದರೆಯಿಲ್ಲ ಎಂದರ್ಥ. ಈ ದೇಶದಲ್ಲಿ ನನಗೆ ಮೈಯುರಿಯುವ ಮಾತು ಅದೊಂದೇ. ಗಲಾಟೆಗೇ ಪ್ರಾಣಿ ಸಾಯುವುದಾದರೆ ಕಾಡಿನ ಗುಡುಗಿಗೆ ಏನಾಗಬೇಕು ಎಂದು ಸದಾಣ್ಣ ನಕ್ಕರು.

ಆ ದಿನ ನಾನು ಗವಿಯ ಕ್ಯಾಮೆರಾ ಮುಂದೆ ಕುಳಿತಿದ್ದೆ. ಗೋಡೆಯಾಚೆ ತಾಸೆ ಶುರುವಾಯಿತು. ಸುಳ್ಳು ಹೇಳುವುದಿಲ್ಲ, ಮೈ ಜುಮ್ಮೆಂದಿತು, ಕಾಲು ತಾನಾಗಿ ಹೆಜ್ಜೆ ಹಾಕತೊಡಗಿತು. ಪರದೆಯಲ್ಲಿ ತಾಯಿ ಎದ್ದು ನಿಂತಳು. ಮರಿಯ ಕುತ್ತಿಗೆ ಕಚ್ಚಿದಳು. ಸುತ್ತತೊಡಗಿದಳು.

ಓಡಿಹೋಗಿ ತಾಸೆಯವನ ಕೈ ಹಿಡಿದುಬಿಟ್ಟೆ. ಬಿಳಿ ಹುಲಿಗಳೆಲ್ಲ ಎತ್ತಿದ ಕಾಲು ಇಳಿಸಿ ನನ್ನನ್ನೇ ನೋಡಿದವು.

"ನೀನು ಊರಿನವನೇ ಅಲ್ವಾ ಮಾರಾಯ? ತಾಸೆ ನಿಲ್ಲಿಸುದಾ?" ಸದಾಣ್ಣನ ದನಿ ಮೆಲ್ಲಗಿತ್ತು. ಬೈದಿದ್ದರೆ ವಾಸಿಯಿತ್ತು.

"ಊರಿನವನೇ ಸದಾಣ್ಣ. ಆದ್ರೆ ಒಳಗೆ ಮರಿ ಸಾಯ್ತದೆ."

ಸದಾಣ್ಣ ತಾಸೆಯವರನ್ನು ಕರೆದುಕೊಂಡು ಗೇಟಿನತ್ತ ನಡೆದರು. ಜನರ ಎದುರು ಮರ್ಯಾದೆ ಹೋಯಿತೆಂದು ಮ್ಯಾನೇಜರ್ ನನಗೆ ಮಂಗಳಾರತಿ ಎತ್ತಿದ. ನಾನು ಕಿವಿ ಅತ್ತ ಕೊಟ್ಟು ಕಣ್ಣು ಪರದೆಯಲ್ಲಿಟ್ಟಿದ್ದೆ. ಸಂಜೆಯ ಹೊತ್ತಿಗೆ ತಾಯಿ ಮರಿಯನ್ನು ಕೆಳಗಿಟ್ಟು ಮಲಗಿದಳು.

ಮರಿ ಈಗ ಹಾಲು ಕುಡಿಯುತ್ತಿದೆ, ದುಂಡಗಾಗಿದೆ. ಸಂಘದ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದಿದ್ದಾರೆ. ದೇರಾದಲ್ಲಿ ಎದುರು ಸಿಕ್ಕರೆ ಸದಾಣ್ಣ ಊಟ ಆಯ್ತಾ ಎಂದೂ ಕೇಳುವುದಿಲ್ಲ. ಮೊನ್ನೆ ಅಕ್ಕ ಅಷ್ಟಮಿಯ ಹುಲಿವೇಷದ ವಿಡಿಯೋ ಕಳಿಸಿದಳು. ಗವಿಯ ಪಕ್ಕ ಜಾಕೆಟ್ ಹಾಕಿ ಕುಳಿತು, ಸದ್ದನ್ನು ಪೂರ್ತಿ ಅಡಗಿಸಿ ನೋಡಿದೆ. ಕಾಲು ಮಾತ್ರ ಸುಮ್ಮನಿರಲಿಲ್ಲ.