ಕೊರಿಯನ್ ಕೆಂಡದೂಟಕ್ಕೆ ಕನಿಷ್ಠ ಇಬ್ಬರು

ಆ ಭಾನುವಾರವೂ ಐದೂವರೆಗೇ ಎದ್ದೆ. ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಬಿಟ್ಟು, ಡೈರಿಯಿಂದ ತಂದ ಹಾಲನ್ನು ಒಲೆಯ ಮೇಲಿಟ್ಟೆ. ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರಾಕ್ಟರಿನಿಂದ ಉದುರಿದ್ದ ಒಂದು ಜಲ್ಲೆ ನಮ್ಮ ಗೇಟಿನ ಮುಂದೆ ಬಿದ್ದಿತ್ತು. ಅದರ ಮೇಲೆ ಯಾರದೋ ಟೈರು ಹತ್ತಿ, ರಸ ಹೊರಬಂದು, ಇರುವೆ ಮುತ್ತಿದ್ದವು. ಕಾಲಿನಿಂದ ಸರಿಸಲು ಮನಸ್ಸಾಗಲಿಲ್ಲ. ಅದನ್ನು ಬಳಸಿಕೊಂಡು ಒಳಗೆ ಬಂದೆ.

ಕಾಫಿ ಎರಡು ಲೋಟಕ್ಕೆ ಬಗ್ಗಿಸಿದೆ. ನಮ್ಮವರು ತಮ್ಮದನ್ನು ಎತ್ತಿಕೊಂಡು ಪೇಪರಿನ ಜೊತೆ ಜಗಲಿಗೆ ಹೋದರು. ನನ್ನದನ್ನು ನಾನು ಸಿಂಕಿಗೆ ಒರಗಿ ನಿಂತು ಕುಡಿದೆ. ದಿನಾ ಹಾಗೇ. ಆದರೆ ಭಾನುವಾರವೆಂದರೆ ಏಳೂವರೆಯ ಹೊತ್ತಿಗೆ ಅವರು ಮರಿ ಮಾಂಸ ತರಲು ಹೊರಡಬೇಕು, ನಾನು ತೆಂಗಿನಕಾಯಿ ತುರಿದು, ಚಕ್ಕೆ ಲವಂಗ ಹುರಿದು, ಮಿಕ್ಸಿಗೆ ಹಾಕಬೇಕು. ಅವತ್ತು ಅದೇನೂ ಇರಲಿಲ್ಲ. ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದೆ. ಮಧ್ಯಾಹ್ನ ನಾವಿಬ್ಬರೂ ಶ್ರೀರಂಗಪಟ್ಟಣದ ಹೈವೇ ಪಕ್ಕ ಹೊಸದಾಗಿ ಆಗಿರುವ ಕೊರಿಯನ್ ಹೋಟೆಲಿಗೆ ಊಟಕ್ಕೆ ಹೋಗುವುದೆಂದು ಮಾತಾಗಿತ್ತು.

ಅಲ್ಲಿಗೆ ನನಗೆ ಯಾಕೆ ಹೋಗಬೇಕಿತ್ತು ಎನ್ನುವುದನ್ನು ನೆಟ್ಟಗೆ ಹೇಳಿಬಿಡುತ್ತೇನೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನನ್ನ ಗಂಡ ಮತ್ತು ನಾನು ಎದುರುಬದುರು ಕೂತು, ಒಟ್ಟಿಗೆ ಶುರುಮಾಡಿ, ಒಟ್ಟಿಗೆ ಮುಗಿಸಿ ಏಳುವಂಥ ಒಂದು ಊಟ ಮಾಡಿರಲಿಲ್ಲ. ಒಮ್ಮೆ ಮಾಡಬೇಕು ಅಂತ ನನ್ನ ಆಸೆ.

ಇದು ಅವರ ತಪ್ಪೆಂದು ಹೇಳುತ್ತಿಲ್ಲ. ಪಾಂಡವಪುರದ ಈ ಮನೆಗೆ ನಾನು ಬಂದಾಗ ಹನ್ನೊಂದು ಜನ. ಗಂಡಸರ ಪಂಕ್ತಿ ಮೊದಲು, ಆಮೇಲೆ ಮಕ್ಕಳು, ಆಮೇಲೆ ಅತ್ತೆ, ಕೊನೆಗೆ ಸೊಸೆಯರು. ಮುದ್ದೆ ಬಿಸಿಯಾಗಿಯೇ ತಟ್ಟೆಗೆ ಬೀಳಬೇಕು. ಅದಕ್ಕೆ ಒಬ್ಬರು ಒಲೆಯ ಹತ್ತಿರ ನಿಂತಿರಲೇಬೇಕು. ಕ್ರಮೇಣ ಮೈದುನಂದಿರು ಬೇರೆ ಮನೆ ಕಟ್ಟಿಕೊಂಡರು, ಅತ್ತೆ ಮಾವ ಹೋದರು, ಮಗಳು ಮದುವೆಯಾಗಿ ಶಿವಮೊಗ್ಗ ಸೇರಿದಳು. ಹನ್ನೊಂದು ಜನ ಇಬ್ಬರಾದೆವು, ಪಂಕ್ತಿ ಮಾತ್ರ ಹಾಗೇ ಉಳಿಯಿತು. ಒಮ್ಮೆ ನಾನೇ ಬಾಯಿಬಿಟ್ಟು, "ಜೊತೆಗೇ ಕೂರಲಾ?" ಅಂದಿದ್ದೆ. "ಕೂತ್ಕೊ, ಯಾರ್ ಬ್ಯಾಡ ಅಂದ್ರು," ಅಂದರು. ಕೂತೆ. ಎರಡನೇ ತುತ್ತಿಗೆ "ಸಾರು," ಅಂದರು. ಎದ್ದೆ. ಅಷ್ಟೇ.

ಇದಕ್ಕೂ ಮೊದಲು ನಾನು ಬೇರೆ ಥರ ಉಂಡವಳು. ದೇವಲಾಪುರದ ಕಡೆಯ ಹುರುಳಿ ಹೊಲದಲ್ಲಿ ಬೆವರು ಸುರಿಸುತ್ತಿದ್ದ ನನ್ನಪ್ಪ, ಮಗಳು ಇಂಗ್ಲಿಷು ಕಲಿಯಲಿ ಎಂದು ಮೈಸೂರಿನ ಕಾನ್ವೆಂಟಿಗೆ ಹಾಕಿ ಹಾಸ್ಟೆಲಿನಲ್ಲಿ ಬಿಟ್ಟಿದ್ದರು. ಅಲ್ಲಿ ಉದ್ದನೆಯ ಮರದ ಮೇಜು, ಎರಡೂ ಬದಿಗೆ ಬೆಂಚು. ಎಲ್ಲರ ತಟ್ಟೆಗೂ ಬೀಳುವವರೆಗೆ ಯಾರೂ ಚಮಚ ಮುಟ್ಟುವಂತಿರಲಿಲ್ಲ. ಸಿಸ್ಟರ್ ಪ್ರಾರ್ಥನೆ ಮುಗಿಸಿದ ಕೂಡಲೇ ಅಷ್ಟೂ ಚಮಚಗಳು ಒಂದೇ ಸಲ ತಟ್ಟೆಗೆ ತಾಕುವ ಸದ್ದು ಕೇಳುತ್ತಿತ್ತು. ಸಾರು ನೀರು ನೀರಾಗಿರುತ್ತಿತ್ತು, ಅನ್ನದಲ್ಲಿ ಕಲ್ಲು. ಆದರೂ ಆ ಸದ್ದು ಕೇಳಿದಾಗ ಹಸಿವಾಗುತ್ತಿತ್ತು.

ಮಗಳು ಹೋಗುವ ಮೊದಲು ನನ್ನ ಫೋನಿನಲ್ಲಿ ಕೊರಿಯಾದ ಸೀರಿಯಲ್ಲುಗಳನ್ನು ಹಾಕಿಕೊಟ್ಟಿದ್ದಳು. "ಮಧ್ಯಾಹ್ನ ಬೇಜಾರಾದರೆ ನೋಡಮ್ಮ, ಕೆಳಗೆ ಇಂಗ್ಲಿಷ್ ಬರುತ್ತೆ, ನಿನಗೆ ಓದೋಕೆ ಕಷ್ಟ ಇಲ್ಲ." ಕಥೆ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಎಲ್ಲದರಲ್ಲೂ ಒಬ್ಬ ಶ್ರೀಮಂತ, ಒಬ್ಬಳು ಬಡವಿ, ಮಳೆ, ಕೊಡೆ. ಆದರೆ ಅವರ ಊಟ! ಮೇಜಿನ ನಡುವೆಯೇ ಒಲೆ. ಅದರ ಮೇಲೆ ಮಾಂಸ ಚುರುಗುಟ್ಟುತ್ತಿರುತ್ತದೆ. ಸುತ್ತ ಕೂತವರು ತಾವೇ ಮಗುಚಿ, ಸೊಪ್ಪಿನ ಎಲೆಯಲ್ಲಿ ಸುತ್ತಿ, ಬಾಯಿಗಿಡುತ್ತಾರೆ. ಒಮ್ಮೊಮ್ಮೆ ಎದುರಿಗಿದ್ದವರ ಬಾಯಿಗೂ. ಅಡುಗೆಮನೆಯಲ್ಲಿ ಉಳಿದುಹೋದವರು ಯಾರೂ ಇರುವುದಿಲ್ಲ, ಏಕೆಂದರೆ ಅಡುಗೆಮನೆ ಊಟದ ಮೇಜಿಗೇ ಬಂದಿರುತ್ತದೆ. ಇದನ್ನು ನೋಡುತ್ತಾ ನಾನು ತಣ್ಣಗಾದ ಮುದ್ದೆ ಮುರಿಯುತ್ತಿದ್ದೆ.

ಹೈವೇ ಪಕ್ಕ ಅಂಥದೊಂದು ಹೋಟೆಲಾಗಿದೆ ಎಂದು ಗೊತ್ತಾದಾಗ ಮೊದಲು ನಾನೊಬ್ಬಳೇ ಬಸ್ಸಿನಲ್ಲಿ ಹೋಗಿ ಬಂದರಾಯಿತು ಅಂದುಕೊಂಡೆ. ನಾಚಿಕೆ ಬಿಟ್ಟು ಫೋನು ಮಾಡಿದೆ. ಎತ್ತಿದ ಹೆಂಗಸು ಇಂಗ್ಲಿಷಿನಲ್ಲಿ ತುಂಬ ಸೌಮ್ಯವಾಗಿ, "ಒಬ್ಬರಿಗೆ ಕೊಡುವುದಿಲ್ಲ ಮೇಡಂ. ಒಲೆ ಹಚ್ಚಬೇಕೆಂದರೆ ಕನಿಷ್ಠ ಇಬ್ಬರು," ಅಂದರು. ಫೋನಿಟ್ಟೆ. ಆಮೇಲೆ ಅನ್ನಿಸಿತು, ಇದೇ ಸರಿ, ಇಬ್ಬರೇ ಹೋಗೋಣ.

ಗುರುವಾರ ಅವರಿಗೆ ಹೇಳಿದೆ. ನಮ್ಮವರದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಹೊಸದೆಂದರೆ ಮೊದಲು ಪ್ಯಾಕೆಟ್ ತಿರುಗಿಸಿ ಹಿಂದುಗಡೆ ಓದುವ ಜನ.

"ಕೊರಿಯಾನಾ? ಅಂದಿ ತಿನ್ನಕ್ಕೆ ಅಲ್ಲೀಗಂಟ ಓಗ್ಬೇಕಾ?"

"ಕೋಳಿ, ಕುರಿ ಎರಡೂ ಇದೆಯಂತೆ ರೀ."

"ಎಷ್ಟಂತೆ?"

"ಇಬ್ಬರಿಗೆ ಎರಡು ಸಾವಿರದ ಆರ್ನೂರು."

ಅವರು ಲುಂಗಿ ಎತ್ತಿ ಕಟ್ಟಿಕೊಂಡು ನನ್ನನ್ನೇ ನೋಡಿದರು. "ಮೂರು ಕೆಜಿ ಮರಿ ಬಾಡು ಬತ್ತದೆ ಕಣೆ ಅಷ್ಟಕ್ಕೆ! ಬೀದೀಗೇ ಊಟ ಆಕ್ಬೋದು. ಬೇಯ್ಸೋರ್ಯಾರು, ಅವ್ರೇನಾ?"

"ನಾವೇ ಬೇಯಿಸ್ಕೋಬೇಕು."

ಅವರು ನಗಲಿಕ್ಕೆ ಶುರುಮಾಡಿದವರು ಕೆಮ್ಮು ಬರುವವರೆಗೆ ನಕ್ಕರು. "ಒಳ್ಳೇ ಯಾಪಾರ! ಒಲೆ ಅವ್ರದು, ಬೆವ್ರು ನಮ್ದು, ದುಡ್ಡೂ ನಮ್ದೇ!" ನಾನೂ ನಕ್ಕೆ. ನಕ್ಕು, ಆಮೇಲೂ ಅಲ್ಲಿಂದ ಕದಲಲಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, "ಆಯ್ತು ಬುಡು, ಓಗವ," ಅಂದರು.

ಹನ್ನೆರಡೂವರೆಗೆ ಅಂಗಡಿಯ ಶಟರ್ ಎಳೆದು ಬಂದರು. ನಾನು ಮಗಳು ಕೊಡಿಸಿದ ಬೂದುಬಣ್ಣದ ಕಾಟನ್ ಸೀರೆ ಉಟ್ಟಿದ್ದೆ. ನಾಲೆಯ ಪಕ್ಕ, ಗದ್ದೆಗಳ ನಡುವೆ ಕಾರು ಹೋಗುವಾಗ ಅವರು ಯಾರ ಗದ್ದೆಗೆ ಯಾವ ರೋಗ ಬಿದ್ದಿದೆ ಎಂದು ಹೇಳುತ್ತಾ ಬಂದರು. ನಾನು ಹೂಂ ಅನ್ನುತ್ತಾ ಬಂದೆ. ಅವರ ಎದುರು ಕೂತು ಊಟದ ಹೊತ್ತಿನಲ್ಲಿ ಏನು ಮಾತಾಡುವುದು ಅಂತ ನನಗೆ ಚಿಂತೆ ಹತ್ತಿತ್ತು. ಹೆಣ್ಣು ನೋಡಲು ಬಂದವರ ಎದುರು ಕೂರುವವಳಂತೆ ಮತ್ತೆ ಮತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಹೋಟೆಲು ಚಿಕ್ಕದು, ಎಂಟು ಮೇಜು. ಪ್ರತಿಯೊಂದರ ನಡುವೆ ಗುಂಡಗೆ ಒಲೆ, ಮೇಲಿನಿಂದ ಇಳಿಬಿದ್ದ ಹೊಗೆಕೊಳವೆ. ಒಡತಿ ನನ್ನ ವಯಸ್ಸಿನವರೇ, ಈಶಾನ್ಯ ರಾಜ್ಯಗಳ ಕಡೆಯವರು. ಅವರೇ ಫೋನಿನಲ್ಲಿ ಮಾತಾಡಿದ್ದು. ಮಸಾಲೆ ಸವರಿದ ಮಾಂಸ, ಏಳೆಂಟು ಪುಟ್ಟ ಬಟ್ಟಲುಗಳಲ್ಲಿ ಉಪ್ಪಿನಕಾಯಿಯಂಥವು, ಬುಟ್ಟಿ ತುಂಬ ಹಸಿ ಸೊಪ್ಪು ತಂದಿಟ್ಟರು. ಮೊದಲ ನಾಲ್ಕು ತುಂಡುಗಳನ್ನು ತಾವೇ ಬೇಯಿಸಿ, ಕತ್ತರಿಯಿಂದ ಕತ್ತರಿಸಿ ತೋರಿಸಿದರು.

"ಕತ್ರೀಲಿ ಬಾಡು ಕತ್ತರ್ಸದು ಇವತ್ತೇ ನೋಡಿದ್ದು," ಅಂದರು ನಮ್ಮವರು. "ಟೈಲರ್ ಅಂಗ್ಡಿಗೆ ಬಂದಂಗಾಯ್ತು."

ಒಡತಿ ಇಕ್ಕಳವನ್ನು ಒಲೆಯ ಪಕ್ಕ ಇಟ್ಟು ಹೋದರು. ಅದರ ಹಿಡಿ ಇದ್ದದ್ದು ನಮ್ಮವರ ಕಡೆಗೆ. ನನಗೆ ಚೆನ್ನಾಗಿ ನೆನಪಿದೆ. ನಾನೇ ಕೈ ಚಾಚಿ ಅದನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಒಂದು ತುಂಡು ಬೆಂದಿತು, ಅವರ ತಟ್ಟೆಗೆ ಹಾಕಿದೆ. ಇನ್ನೊಂದು ಬೆಂದಿತು, ಅದನ್ನೂ ಹಾಕಿದೆ. ಅವರು ಅನುಮಾನದಿಂದಲೇ ಬಾಯಿಗಿಟ್ಟುಕೊಂಡು, ನಿಧಾನಕ್ಕೆ ಅಗಿದು, ಹುಬ್ಬೇರಿಸಿದರು. "ಪರವಾಗಿಲ್ವಲ್ಲೇ! ಒಸಿ ಸಿಹಿ ಐತೆ. ಆದ್ರೂ ಚೆನ್ನಾಗೈತೆ." ನನಗೆ ಜೀವ ಬಂದಂತಾಯಿತು. ಅವರಿಗೆ ಹಿಡಿಸಿತಲ್ಲ ಎಂಬ ಆ ಒಂದು ಸಮಾಧಾನದಲ್ಲಿ ನಾನು ಬಂದ ಕೆಲಸವನ್ನೇ ಮರೆತೆ. ಅಂಚು ಕಂದಿದ್ದನ್ನು ಬೇರೆ ತೆಗೆದಿಟ್ಟೆ, ಎಳೆಯದನ್ನು ಆರಿಸಿ ಹಾಕಿದೆ, ಸೊಪ್ಪಿನಲ್ಲಿ ಸುತ್ತಿ ಕೊಟ್ಟೆ. "ಇನ್ನೊಸಿ ಆಕು," ಅಂದರು. ಹಾಕಿದೆ. ಸೀರೆಯ ಸೆರಗು ಒಲೆಗೆ ತಾಗದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಯಾವಾಗ ಸಿಕ್ಕಿಸಿಕೊಂಡೆನೋ ನನಗೇ ಗೊತ್ತಿಲ್ಲ.

ಸೀರಿಯಲ್ಲಿನಲ್ಲಿ ಎಷ್ಟು ಸಲ ನೋಡಿದ್ದೆ! ಅವರು ಒಂದು ತುಂಡು ಮಗುಚುತ್ತಾರೆ, ಒಂದು ತಿನ್ನುತ್ತಾರೆ, ಇನ್ನೊಬ್ಬರಿಗೆ ಇಕ್ಕಳ ದಾಟಿಸುತ್ತಾರೆ. ಅದು ಅಷ್ಟು ಸುಲಭ. ನನ್ನ ಕೈಗೆ ಆ ಅಭ್ಯಾಸವೇ ಇರಲಿಲ್ಲ.

ಅವರ ಹೊಟ್ಟೆ ತುಂಬಿತು. ಒಂದು ಸಣ್ಣ ತೇಗು ತೇಗಿ, ಕೈ ತೊಳೆಯಲು ಎದ್ದರು. ಬರುವಾಗ ಫೋನು ಬಂತು, ಕೆ.ಆರ್. ಪೇಟೆ ಕಡೆಯ ರೈತರೊಬ್ಬರದು. ಮಾತಾಡುತ್ತಲೇ ಕೌಂಟರಿನಲ್ಲಿ ದುಡ್ಡು ಕೊಟ್ಟು, ಹಾಗೇ ಹೊರಗೆ ಕಾರಿನ ಹತ್ತಿರ ಹೋದರು. ಕೆಲಸದವರು ಬಂದು, ಊಟ ಆಯಿತೆಂದುಕೊಂಡು, ಒಲೆ ಆರಿಸಿದರು. ಆಗಲೇ ನನ್ನ ತಟ್ಟೆಯನ್ನು ನಾನು ನೋಡಿದ್ದು. ಬಿಳಿ ತಟ್ಟೆ. ಅದರಲ್ಲಿ ಒಂದು ಎಳ್ಳಿನ ಕಾಳು.

ಮನೆಯಲ್ಲಿ ಹೀಗಾದರೆ ಏನೂ ಅನಿಸುತ್ತಿರಲಿಲ್ಲ. ಮನೆಯಲ್ಲಿ ಪಾತ್ರೆಯಲ್ಲಿ ಉಳಿದಿರುತ್ತದೆ, ಕೊನೆಗೆ ಉಣ್ಣುವವಳಿಗೆ ಅಂತ ಇದ್ದೇ ಇರುತ್ತದೆ. ಇಲ್ಲಿ ಹತ್ತು ಹನ್ನೆರಡು ಹಸಿ ತುಂಡು, ಆರಿದ ಒಲೆ, ಎದುರಿಗೆ ಹಿಂದಕ್ಕೆ ಸರಿಸಿದ ಕುರ್ಚಿ.

ಒಡತಿ ಬಂದವರು ನನ್ನ ತಟ್ಟೆ ನೋಡಿ ನಿಂತರು. "ನೀವು ತಿನ್ನಲೇ ಇಲ್ಲವಲ್ಲ. ಸರ್ ಅನ್ನು ಕರೆಯಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಬೇಡ ಬೇಡ, ನಾನು ಯಾವಾಗಲೂ ಆಮೇಲೇ ತಿನ್ನೋದು," ಅಂದೆ. ಕಾನ್ವೆಂಟಿನ ಇಂಗ್ಲಿಷಿನಲ್ಲಿ ಆ ಮಾತು ಎಷ್ಟು ವಿಚಿತ್ರವಾಗಿ ಕೇಳಿಸಿತೆಂದರೆ ನನ್ನ ಕಿವಿ ಬಿಸಿಯಾಯಿತು.

ಅವರು ಒಲೆ ಮತ್ತೆ ಹಚ್ಚಿದರು. ಆ ಕುರ್ಚಿಯ ತುದಿಯಲ್ಲಿ ಕೂತು, ನಾಲ್ಕು ತುಂಡು ಬೇಯಿಸಿ, ಒಂದನ್ನು ಸೊಪ್ಪಿನಲ್ಲಿ ಮಡಿಸಿ, ನನ್ನ ಬಾಯಿಯ ಹತ್ತಿರವೇ ಹಿಡಿದರು. ನನಗೆ ಬಾಯಿ ತೆರೆಯಲಾಗಲಿಲ್ಲ. ಕೈ ಮುಂದೆ ಚಾಚಿ ಇಸಿದುಕೊಂಡೆ. ಅಷ್ಟರಲ್ಲಿ ಬೇರೆ ಮೇಜಿನವರು ಕೂಗಿದರು, ಒಡತಿ ಎದ್ದುಹೋದರು.

ಒಬ್ಬಳೇ ತಿಂದೆ. ನಿಜ ಹೇಳಬೇಕೆಂದರೆ ತುಂಬ ರುಚಿಯಾಗಿತ್ತು. ಬಿಸಿ ಮಾಂಸಕ್ಕೆ ತಣ್ಣನೆಯ ಸೊಪ್ಪು, ಮೇಲೆ ಹುಳಿ ಎಲೆಕೋಸು. ಗಾಜಿನಾಚೆ ನಮ್ಮವರು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಗೊಬ್ಬರ ಎರಚುವ ಬಗೆ ತೋರಿಸುತ್ತಿದ್ದರು, ಫೋನಿನಲ್ಲಿರುವವರಿಗೆ ಕಾಣುತ್ತದೆ ಎನ್ನುವ ಹಾಗೆ. ಎರಡನೇ ಸಲ ಅವರು ನನ್ನತ್ತ ತಿರುಗಿದಾಗ ಉಳಿದದ್ದನ್ನು ಬಿಟ್ಟು ಎದ್ದೆ.

"ಕೈ ತೊಳ್ಯಕ್ಕೆ ಇಷ್ಟೊತ್ತಾ?"

"ರಶ್ ಇತ್ತು," ಅಂದೆ.

ಮಗಳು ಸಾಯಂಕಾಲ ಫೋನಿನಲ್ಲಿ ಕೇಳಿದಳು: "ಹೇಗಿತ್ತಮ್ಮ? ಅಷ್ಟು ದುಡ್ಡು ಕೊಡುವಂತಿತ್ತಾ?" ನಾನು ಮಾಂಸದ ಲೆಕ್ಕ ಹೇಳಿದೆ, ತೂಕಕ್ಕೆ ನೋಡಿದರೆ ದುಬಾರಿ, ನಮ್ಮ ಕಡೆಯ ಬಾಡೂಟದ ಮುಂದೆ ಮಸಾಲೆಯೂ ಸಪ್ಪೆ ಅಂತ. ಅದು ಸುಳ್ಳಲ್ಲ. ಆದರೆ ಅಲ್ಲಿ ಅವರು ಬೆಲೆ ಹಾಕಿರುವುದು ಮಾಂಸಕ್ಕೆ ಅಲ್ಲ ಎಂದು ನನಗೀಗ ಗೊತ್ತು. ಒಂದು ಒಲೆಯ ಸುತ್ತ ಯಾರೂ ಏಳದೆ ಕೂತಿರುವ ಒಂದು ಗಂಟೆಗೆ ಅದು. ಅದು ಸಿಕ್ಕವರಿಗೆ ಎರಡು ಸಾವಿರದ ಆರ್ನೂರು ಏನೇನೂ ಅಲ್ಲ. ನಾವೂ ಕೊಟ್ಟೆವು, ನಾನು ತೆಗೆದುಕೊಳ್ಳಲಿಲ್ಲ. ಇಕ್ಕಳ ಕೆಳಗಿಟ್ಟು "ಈಗ ನೀವು ಬೇಯಿಸಿ" ಅಂದಿದ್ದರೆ ನಮ್ಮವರು ಬೈಯುತ್ತಿರಲಿಲ್ಲ. ಬಹುಶಃ ನಕ್ಕು, ಎರಡು ತುಂಡು ಸೀದುಹಾಕಿ, ಮೂರನೆಯದನ್ನು ನನ್ನ ತಟ್ಟೆಗೆ ಹಾಕುತ್ತಿದ್ದರೇನೋ. ಬೇಡ ಅಂದವರು ಯಾರೂ ಇರಲಿಲ್ಲವಲ್ಲ.

ನಮ್ಮವರು ಐದು ಗಂಟೆಗೆ ಮತ್ತೆ ಅಂಗಡಿ ತೆರೆಯಲು ಹೋಗಿದ್ದರು. ನಾನು ಹೊಗೆ ವಾಸನೆ ಹಿಡಿದ ಸೀರೆಯನ್ನು ಮಾಳಿಗೆಯಲ್ಲಿ ಗಾಳಿಗೆ ಹರವುತ್ತಿದ್ದೆ. ಪಕ್ಕದ ಮಾಳಿಗೆಯಲ್ಲಿ, ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯಾಕೆ, ಕ್ಲಿಪ್ಪನ್ನು ಹಲ್ಲಿನಿಂದ ಬಿಡಿಸಿಕೊಂಡು ಕೂಗಿದಳು.

"ಏನಕ್ಕಾ, ಕೊರಿಯಾಕ್ಕೇ ಓಗ್ಬಂದ್ಬುಟ್ರಂತೆ! ಈಗ ನಮ್ಮೋರು ಯೂರಿಯಾ ತರಕ್ಕೋಗಿದ್ರು, ನಿಮ್ಮೆಜಮಾನ್ರು ಬಂದೋರ್ಗೆಲ್ಲ ಅದೇ ಏಳ್ತಾವ್ರಂತೆ."

"ಏನಂತೆ?" ಅಂದೆ.

"ಇನ್ನೇನು, ಇಬ್ರೂ ಎದ್ರುಬದ್ರು ಕೂತ್ಕಂಡು ಒಟ್ಟಿಗೆ ಉಂಡು ಎದ್ದು ಬಂದ್ವಿ, ದುಡ್ಡೋದ್ರೂ ಓಗ್ಲಿ, ಅಂಥಾ ಊಟ ಈವತ್ನವರ್ಗೂ ಮಾಡಿರ್ಲಿಲ್ಲ ಅಂತ." ಅವಳು ಬಟ್ಟೆಯ ಗಂಟನ್ನು ಸೊಂಟಕ್ಕೇರಿಸಿ ಮೆಟ್ಟಿಲ ಕಡೆಗೆ ತಿರುಗಿದಳು. "ನಮ್ಮೋರ್ಗೂ ಒಸಿ ಕಲಿಸ್ಕೊಡಕ್ಕೇಳಕ್ಕ, ಎಂಡ್ರುನ್ನ ಕೂರ್ಸ್ಕಂಡು ಉಣ್ಣೋದ್ನ."